ಇಲ್ಲದ ಸೋದರಮಾವ

ಆ ಹುಡುಗಿಗೆ ಇಟ್ಟ ಹೆಸರು ಬೇರೆ, ಜನ ಕರೆಯುತ್ತಿದ್ದುದು ‘ರೈಲು’ ಎಂದು. ಹಳಿ ಇಲ್ಲದ ಕಡೆಯೂ ರೈಲು ಬಿಡುವುದರಲ್ಲಿ ಅವಳನ್ನು ಹಿಂದೆ ಹಾಕುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಶಾಲೆಗೆ ತಡವಾದರೆ, ಬಸ್ಸು ಬರಲಿಲ್ಲ ಎಂದು ನಮ್ಮ ನಿಮ್ಮ ಹಾಗೆ ಒಣ ಸುಳ್ಳು ಹೇಳುವ ಪೈಕಿಯಲ್ಲ ಅವಳು. ಬಸ್ಸಿನಲ್ಲಿ ಒಬ್ಬ ಮುದುಕರು ಹಲ್ಲುಸೆಟ್ಟು ಬೀಳಿಸಿಕೊಂಡರು, ಡ್ರೈವರು ಬಸ್ಸು ನಿಲ್ಲಿಸಿ ಎಲ್ಲರ ಕೈಲೂ ಹುಡುಕಿಸಿದ, ಕೊನೆಗೆ ಅದು ನನ್ನ ಛತ್ರಿಯೊಳಗೆ ಸಿಕ್ಕಿತು ಎನ್ನುವಳು. ಮೇಷ್ಟ್ರು ಬೈಯುವುದು ಬಿಟ್ಟು, ಆಮೇಲೆ ಮುದುಕರು ಏನಂದರು ಎಂದು ಕೇಳುತ್ತಿದ್ದರು. ಅಪ್ಪ ಲಾರಿ ಓಡಿಸುವವನು, ಮನೆಗಿಂತ ದಾರಿಯಲ್ಲೇ ಹೆಚ್ಚು ಇರುತ್ತಿದ್ದ. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬಟ್ಟೆ ಆಲ್ಟರ್ ಮಾಡಿಕೊಡುತ್ತಿದ್ದಳು. “ಬಿಟ್ರೆ ಇವಳು ಚಂದ್ರನಿಗೂ ಕಾಜಾ ಹಾಕಿ ಗುಂಡಿ ಹೊಲೀತಾಳೆ” ಎಂದು ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದಳು. ಹೆತ್ತವಳೇ ನಕ್ಕರೆ ಹುಡುಗಿ ಎಲ್ಲಿಂದ ಸುಧಾರಿಸಬೇಕು, ನೀವೇ ಹೇಳಿ.

ಪದವಿಯ ಎರಡನೇ ವರ್ಷದಲ್ಲಿ ಐಚ್ಛಿಕ ವಿಷಯ ಆರಿಸಿಕೊಳ್ಳಿ ಎಂದಾಗ ರೈಲು ‘ಕೊರಿಯಾದ ಇತಿಹಾಸ ಮತ್ತು ನಾಗರಿಕತೆ’ಗೆ ಸೇರಿದಳು. ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ದಿನ ಮೇಡಂ ಒಳಗೆ ಬಂದವರೇ, “ಕೊರಿಯನ್ ಸೀರಿಯಲ್ ನೋಡಿ ಬಂದವರು ಕೈ ಎತ್ತಿ” ಎಂದರು. ಇಡೀ ಕ್ಲಾಸು ಹಲ್ಲು ಕಿರಿಯುತ್ತ ಕೈ ಎತ್ತಿತು. “ಇಳಿಸಿ. ಆ ಹುಡುಗರು ಯಾರೂ ಇಲ್ಲಿಗೆ ಬರಲ್ಲ” ಎಂದು ಅವರು ಬೋರ್ಡಿನ ಕಡೆ ತಿರುಗಿ, ಸಾವಿರಾರು ವರ್ಷ ಹಳೆಯ ಕಲ್ಲಿನ ಗೋರಿಯೊಂದರ ಚಿತ್ರ ಬರೆಯತೊಡಗಿದರು. ಅಲ್ಲಿಂದ ಮುಂದೆ ಮೂರು ರಾಜ್ಯಗಳ ಕಾದಾಟ, ಹಸಿರು ಪಿಂಗಾಣಿ, ನೆಲದಡಿ ಬಿಸಿ ಹೊಗೆ ಹಾಯಿಸಿ ಮನೆ ಬೆಚ್ಚಗಿಡುವ ಉಪಾಯ, ಒಂದೇ ಪರೀಕ್ಷೆಯನ್ನು ಬರೆದು ಬರೆದು ಗಡ್ಡ ನೆರೆಸಿಕೊಂಡ ವಿದ್ವಾಂಸರು. ಆ ಕೊನೆಯವರ ಮೇಲೆ ಮಾತ್ರ ಕ್ಲಾಸಿಗೆ ಸ್ವಲ್ಪ ಅಕ್ಕರೆ ಹುಟ್ಟಿತು.

ಸೆಮಿಸ್ಟರಿನ ಕೊನೆಗೆ ಯುದ್ಧದ ಪಾಠ ಬಂತು. ದೇಶ ಎರಡು ಹೋಳಾಗಿ, ಜನ ಗಂಟುಮೂಟೆ ಹೊತ್ತು ಓಡುವಾಗ ಮಕ್ಕಳ ಕೈ ತಪ್ಪಿಹೋದ ಪಾಠ. ಮೂವತ್ತು ವರ್ಷ ಕಳೆದ ಮೇಲೆ ಟಿವಿಯವರು ಅಂಥವರನ್ನು ಸೇರಿಸಲೆಂದು ಒಂದೆರಡು ಗಂಟೆಯ ಕಾರ್ಯಕ್ರಮ ಇಟ್ಟುಕೊಂಡಿದ್ದರಂತೆ. ಜನ ಮುಗಿಬಿದ್ದು, ಅದು ತಿಂಗಳುಗಟ್ಟಲೆ ನಡೆಯಿತಂತೆ. ಎದೆಯ ಮೇಲೆ ರಟ್ಟು ಹಿಡಿದು ನಿಂತ ಹೆಂಗಸರು, ಕಟ್ಟಡದ ಗೋಡೆ ಕಂಬಗಳ ಮೇಲೆಲ್ಲ ಅಂಟಿಸಿದ ಕಾಗದಗಳು. ದಾಖಲೆ ಪತ್ರ ಯಾರ ಹತ್ತಿರವೂ ಇರಲಿಲ್ಲ. ಕೈ ಮೇಲಿನ ಸುಟ್ಟ ಕಲೆ, ಮನೆಯ ಹಿಂದಿನ ಬಾವಿ, ಸಾಕಿದ ನಾಯಿ, ಇಂಥವನ್ನೇ ಕೇಳಿ ಕೇಳಿ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಿದ್ದರು. ಹಳೆಯ ವಿಡಿಯೊ ಮುಗಿದಾಗ ಮೊದಲ ಬಾರಿಗೆ ಕ್ಲಾಸಿನಲ್ಲಿ ಯಾರೂ ಗಡಿಯಾರ ನೋಡಲಿಲ್ಲ.

“ನಾಳಿದ್ದು ಎಲ್ರೂ ಒಂದೊಂದು ರಟ್ಟು ತನ್ನಿ,” ಎಂದರು ಮೇಡಂ. “ನಿಮ್ಮ ಮನೆಯಿಂದ ಕೈತಪ್ಪಿ ಹೋದ ಒಬ್ಬರ ಬಗ್ಗೆ ಬರೀಬೇಕು. ಜಗಳ ಆಡಿ ದೂರ ಆದವರಾದ್ರೂ ಸರಿ, ಸುಮ್ನೆ ಮರೆತುಹೋದವರಾದ್ರೂ ಸರಿ. ಹೆಸರು ಬೇಡ, ಗುರುತು ಬರೀರಿ. ಎದೆ ಮೇಲೆ ಹಿಡ್ಕೊಂಡು ಒಂದು ಪೀರಿಯಡ್ ಬಾಯಿ ಬಿಡದೆ ಕಾರಿಡಾರಲ್ಲಿ ನಿಲ್ಲಬೇಕು. ಆಮೇಲೆ ಅಲ್ಲೇ ಗೋಡೆಗೆ ಅಂಟಿಸೋಣ. ಒಂದು ಮಾತು ಮಾತ್ರ. ನಿಜ ಇರಬೇಕು. ಕಟ್ಟಿ ಬರೆದದ್ದು ಅಂತ ಗೊತ್ತಾದ್ರೆ ಈ ಪೇಪರ್ ಮುಂದಿನ ವರ್ಷ ಮತ್ತೆ ಓದಬೇಕಾಗುತ್ತೆ.”

ರೈಲಿಗೆ ಪೇಚಿಗಿಟ್ಟುಕೊಂಡಿತು. ಅವಳ ಮನೆಯಿಂದ ಯಾರೂ ಕಳೆದುಹೋಗಿರಲಿಲ್ಲ. ಅಮ್ಮನಿಗೆ ಇಬ್ಬರು ಅಕ್ಕಂದಿರು. ಇಬ್ಬರೂ ದಿನ ಬೆಳಗಾದರೆ ಫೋನ್ ಮಾಡಿ ತಲೆ ತಿನ್ನುವವರು, ಕಳೆದುಹೋಗಿ ಎಂದು ಕೈಮುಗಿದರೂ ಹೋಗುವವರಲ್ಲ. ರಟ್ಟು ತಂದ ದಿನ ಕ್ಲಾಸಿನಲ್ಲಿ ಪಕ್ಕದ ಸೀಟಿನ ಗೆಳತಿ ಬರೆದದ್ದು ಎರಡೇ ಸಾಲು: ‘ಅತ್ತೆಯ ಮಗಳು. ಜಗಳ ಏನೂ ಇಲ್ಲ, ಫೋನ್ ಮಾಡುವುದು ನಿಂತುಹೋಯಿತು.’ ಅದನ್ನು ನೋಡಿ ರೈಲಿಗೆ ನಗು ಬಂತು. ಇಷ್ಟಕ್ಕೆ ಯಾರು ಅಳುತ್ತಾರೆ ಎಂದುಕೊಂಡು, ಅವಳು ಒಬ್ಬ ಸೋದರಮಾವನನ್ನು ಹುಟ್ಟಿಸಲು ಕುಳಿತಳು.

ಅಷ್ಟರಲ್ಲಿ ಪ್ರೊಜೆಕ್ಟರ್ ಕೈಕೊಟ್ಟಿತು. ಅದನ್ನು ಸರಿಮಾಡಲು ಪ್ರೊಜೆಕ್ಟರ್ ಅಂಕಲ್ ಬಂದರು. ಕಾಲೇಜಿನ ಎಲ್ಲ ಕೋಣೆಗಳ ಮೈಕು, ಕೇಬಲ್ಲು, ಪರದೆ ನೋಡಿಕೊಳ್ಳುವ ಮನುಷ್ಯ. ಐವತ್ತರ ಆಸುಪಾಸು, ಮಾತು ಕಡಿಮೆ, ಸೊಂಟದಲ್ಲಿ ಯಾವಾಗಲೂ ಒಂದು ಟೆಸ್ಟರ್. ಸ್ಟೂಲಿನ ಮೇಲೆ ನಿಂತು ಅವರು ಮುಖ ಮೇಲೆತ್ತಿದಾಗ ಎಡ ಹುಬ್ಬನ್ನು ಸೀಳಿಕೊಂಡು ಹೋದ ಹಳೆಯ ಗಾಯದ ಗೆರೆ ಬೆಳಕಿಗೆ ಕಂಡಿತು. ಸ್ಕ್ರೂ ಹಿಡಿದ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ರೈಲು ಎರಡನ್ನೂ ನೋಡಿದಳು, ಎರಡನ್ನೂ ರಟ್ಟಿನ ಮೇಲೆ ಇಳಿಸಿದಳು. ಅಂಗಡಿಯಿಂದ ಸಾಮಾನು ತಂದಷ್ಟು ಸಲೀಸಾಗಿ ಆ ಮನುಷ್ಯನ ಮುಖವನ್ನು ತಂದುಕೊಂಡಳು, ಅವರನ್ನು ಒಂದು ಮಾತು ಕೇಳಬೇಕು ಎಂದು ಅವಳಿಗೆ ಹೊಳೆಯಲೂ ಇಲ್ಲ.

‘ನನ್ನ ಅಮ್ಮನ ಅಣ್ಣ. ಐದಾರು ವರ್ಷದವನಿದ್ದಾಗ ನಿಲ್ದಾಣದ ನೂಕುನುಗ್ಗಲಿನಲ್ಲಿ ಕೈತಪ್ಪಿದ. ಎಡ ಹುಬ್ಬಿನಲ್ಲಿ ಸೀಳಿದ ಗಾಯ. ಬಲಗೈ ಕಿರುಬೆರಳು ಸೊಟ್ಟ. ಮನೆಗೆ ನೀಲಿ ಗೇಟು ಇತ್ತು, ಅದರ ಮೇಲೆ ನಿಂತು ತೂಗಾಡುತ್ತಿದ್ದ, ತಂಗಿಯನ್ನೂ ಹತ್ತಿಸಿಕೊಳ್ಳುತ್ತಿದ್ದ. ಕಳೆದುಹೋದ ದಿನ ಒಂದೇ ಕಾಲಿಗೆ ಶೂ ಇತ್ತು. ಇನ್ನೊಂದನ್ನು ಅಮ್ಮ ಇವತ್ತಿಗೂ ಎಸೆದಿಲ್ಲ.’

ಆ ಇನ್ನೊಂದು ಶೂ ಬರೆದಾಗ ಅವಳಿಗೇ ಮೈ ಜುಂ ಅಂದಿತಂತೆ. ಕಾರಿಡಾರಿನಲ್ಲಿ ನಿಂತಾಗ ಬೇರೆ ವಿಭಾಗದ ಹುಡುಗಿಯರು ಅವಳ ಮುಂದೆ ನಿಂತು ಮೂಗೊರೆಸಿಕೊಂಡರು. ಮೇಡಂ ಎರಡು ಸಲ ಓದಿ, ಅವಳ ಭುಜ ತಟ್ಟಿ ಹೋದರು. ಎಲ್ಲರಿಗಿಂತ ಹೆಚ್ಚು ಮಾರ್ಕ್ಸು ಅವಳಿಗೇ ಬಂತು. ಆ ದಿನ ಅವಳು ಮನೆಗೆ ಹಾರಿಕೊಂಡೇ ಹೋದಳು ಎಂದು ಹೇಳುವುದಕ್ಕೆ ನನಗೇ ನಾಚಿಕೆಯಾಗುತ್ತದೆ.

ರಟ್ಟುಗಳು ಗೋಡೆ ಸೇರಿ ಒಂದು ವಾರವಾಗಿರಬೇಕು. ಕ್ಲಾಸು ಮುಗಿದು ಎಲ್ಲರೂ ಎದ್ದು ಹೋಗುತ್ತಿದ್ದಾಗ ಪ್ರೊಜೆಕ್ಟರ್ ಅಂಕಲ್ ಕೇಬಲ್ ಸುತ್ತುತ್ತ ಅವಳ ಹತ್ತಿರ ಬಂದರು. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದರು.

“ಏನಮ್ಮಾ, ಆ ನೀಲಿ ಗೇಟಿನ ರಟ್ಟು ನಿನ್ದಾ?”

“ಹೂಂ ಅಂಕಲ್.”

“ಆ ಗೇಟು ಯಾವ ಕಡೆ ಇತ್ತು? ಅಮ್ಮ ಏನಾದ್ರೂ ಹೇಳಿದ್ದಾರಾ?”

ಅವಳು ತಲೆಯೆತ್ತಿ ಅವರ ಮುಖ ನೋಡಿದಳು. ಹುಬ್ಬಿನ ಗೆರೆ ಕಣ್ಣೆದುರೇ ಇತ್ತು. ತಾನು ಏನು ಮಾಡಿದ್ದೇನೆ ಎಂದು ಆ ಕ್ಷಣಕ್ಕೆ ಅವಳಿಗೆ ಪೂರ್ತಿ ತಿಳಿಯಿತು.

ಅಂಕಲ್ ದನಿ ತಗ್ಗಿಸಿ ಹೇಳಿದರು. ಅವರು ಬೆಳೆದದ್ದು ಅನಾಥಾಲಯದಲ್ಲಿ. ಯಾವುದೋ ನಿಲ್ದಾಣದಲ್ಲಿ ಸಿಕ್ಕಿದ ಮಗು ಎಂದಷ್ಟೇ ಗೊತ್ತು. ಹುಟ್ಟಿದ ದಿನ ಅನಾಥಾಲಯದವರು ಕೊಟ್ಟದ್ದು, ಹೆಸರೂ ಅವರು ಕೊಟ್ಟದ್ದೇ. ಈ ಗಾಯ ಹೇಗಾಯಿತು, ಬೆರಳು ಯಾಕೆ ಸೊಟ್ಟಗಾಯಿತು ಎಂದು ಹೇಳುವವರು ಯಾರೂ ಇರಲಿಲ್ಲ. “ಇದನ್ನ ಇವತ್ತಿನ ತನಕ ಯಾರಿಗೂ ಹೇಳಿಲ್ಲ ನಾನು. ಕೇಳಿದವರಿಗೆಲ್ಲ ಅಪ್ಪ ಅಮ್ಮ ಆಕ್ಸಿಡೆಂಟಲ್ಲಿ ಹೋದ್ರು ಅಂತೀನಿ. ಹೆಂಡ್ತಿಗೂ ಹಾಗೇ ಹೇಳಿದ್ದೆ. ನಿನ್ ರಟ್ಟು ಓದಿದ ದಿನ ಮನೆಗೆ ಹೋಗಿ ನಿಜ ಹೇಳ್ಬಿಟ್ಟೆ.”

ಆಗಲೇ ಹೇಳಬಹುದಿತ್ತು. ಅಂಕಲ್, ಕ್ಷಮಿಸಿ, ನಿಮ್ಮ ಮುಖ ನೋಡಿಕೊಂಡೇ ಬರೆದೆ ಎಂದಿದ್ದರೆ ಒಂದು ವಾರದ ಆಸೆಯಷ್ಟೇ ಮುರಿಯುತ್ತಿತ್ತು. ಆದರೆ ಬೋರ್ಡು ಒರೆಸುತ್ತ ಮೇಡಂ ನಾಲ್ಕು ಹೆಜ್ಜೆ ಆಚೆಗೇ ನಿಂತಿದ್ದರು, ಮಾರ್ಕ್ಸು ನೆನಪಾಯಿತು, ಮುಂದಿನ ವರ್ಷ ಮತ್ತೆ ಆ ಕಲ್ಲಿನ ಗೋರಿಯಿಂದ ಶುರುಮಾಡಬೇಕು ಎನ್ನುವುದೂ ನೆನಪಾಯಿತು. “ಅಮ್ಮನಿಗೂ ಅಷ್ಟೊಂದು ನೆನಪಿಲ್ಲ ಅಂಕಲ್, ತುಂಬ ಚಿಕ್ಕೋಳಿದ್ಲಂತೆ” ಎಂದುಬಿಟ್ಟಳು. ಎಂಥ ಹುಡುಗಿ ನೋಡಿ. ಹಾಳಾದ ನಾಲಗೆ, ಅವಳನ್ನು ಕೇಳುವ ಮೊದಲೇ ಕೆಲಸ ಮುಗಿಸಿತ್ತು.

ಅಲ್ಲಿಂದ ಅಂಕಲ್ ದಿನಾ ಸಿಗತೊಡಗಿದರು. ಹಿಂದೆ ಬಿದ್ದು ಕಾಡುವ ಮನುಷ್ಯರಲ್ಲ ಅವರು. ಮೆಟ್ಟಿಲ ಹತ್ತಿರ ಎದುರಾಗಿ ಒಂದೇ ಒಂದು ಪ್ರಶ್ನೆ ಕೇಳಿ ಹೋಗುತ್ತಿದ್ದರು, ಅಷ್ಟೇ. ಅಮ್ಮ ಎಡಗೈಯಲ್ಲಿ ಬರೀತಾರಾ? ಅಮ್ಮನಿಗೆ ನಿದ್ದೇಲಿ ಮಾತಾಡೋ ಅಭ್ಯಾಸ ಇದೆಯಾ? ಒಂದು ದಿನ ತಪ್ಪಿಸಿಕೊಳ್ಳಲು ಅವಳು, “ಅಮ್ಮನಿಗೆ ಹಾಲಿನ ಕೆನೆ ಕಂಡ್ರೆ ಆಗಲ್ಲ, ಅಷ್ಟೇ ಗೊತ್ತು ಅಂಕಲ್” ಎಂದಳು. ಅದೊಂದು ಮಾತ್ರ ನಿಜವಾಗಿತ್ತು.

“ನನಗೂ ಆಗಲ್ಲ” ಎಂದು ಅಂಕಲ್ ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. “ಅನಾಥಾಲಯದಲ್ಲಿ ಅದಕ್ಕೇ ಪೆಟ್ಟು ತಿಂತಿದ್ದೆ. ಲೋಟದಿಂದ ಬೆರಳಲ್ಲಿ ತೆಗೆದು ಬಿಸಾಡ್ತಿದ್ದೆ ಅಂತ.” ಆಮೇಲೆ ಹೇಳಿದರು, “ಗೇಟು ನೆನಪಾಗ್ತಿದೆ ಕಣಮ್ಮಾ. ಮೊದಲು ಏನೂ ಇರ್ಲಿಲ್ಲ. ಈಗ ಕಣ್ಣು ಮುಚ್ಚಿದ್ರೆ ಕಾಣ್ಸುತ್ತೆ. ಬಣ್ಣ ಎದ್ದು ಕೈಗೆ ಚುಚ್ತಿತ್ತು. ಮಾಮ ಅಂತ ಕರೀತೀಯಾ ನನ್ನ? ಯಾರೂ ಇಲ್ದಾಗ ಸಾಕು.”

ಕರೆದಳು. ಮತ್ತೇನು ಮಾಡಬೇಕಿತ್ತು, ನೀವೇ ಹೇಳಿ. ಕರೆದ ಮೇಲೆ ಹೆಂಗಸರ ಟಾಯ್ಲೆಟ್ಟಿಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ಆ ವಾರ ಅವಳಿಗೆ ಊಟ ಸೇರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿ, “ಜ್ವರ ಇಲ್ಲ, ಪರೀಕ್ಷೆ ಹತ್ರ ಬಂದಿರಬೇಕು” ಎಂದಳು. ಮಾತಿಗೊಂದು ಕತೆ ಹೆಣೆಯುತ್ತಿದ್ದ ಹುಡುಗಿ ಮೂಲೆಯಲ್ಲಿ ಮುದುಡಿ ಕೂತರೆ ಮನೆ ಬಿಕೋ ಎನ್ನುತ್ತಿತ್ತು.

ಅಂಕಲ್ ಒಂದು ಸೋಮವಾರ ಕೇಳಿಯೇಬಿಟ್ಟರು. ಅಮ್ಮನನ್ನು ಒಂದು ಸಲ ನೋಡಬೇಕಂತೆ. ಅವರ ಹೆಂಡತಿ ರಕ್ತಪರೀಕ್ಷೆ ಮಾಡಿಸಿ ಎನ್ನುತ್ತಿದ್ದಾರೆ, ಆದರೆ ಮೊದಲು ಮುಖ ನೋಡಿದರೆ ಸಾಕು ಎನ್ನುತ್ತಿದೆಯಂತೆ ಅವರ ಜೀವ. ರೈಲು ಗಾಬರಿಯಲ್ಲಿ ಕೈಗೆ ಸಿಕ್ಕಿದ ಸುಳ್ಳು ಹೇಳಿದಳು. “ಅಮ್ಮನ ಹಾರ್ಟ್ ಸ್ವಲ್ಪ ವೀಕು ಮಾಮ. ದಿಢೀರ್ ಅಂತ ಹೇಳಿದ್ರೆ ತಡ್ಕೊಳಲ್ಲ. ಸ್ವಲ್ಪ ದಿನ ಬಿಡಿ.” ಅಂಕಲ್ ಮುಖ ಬಿಳಿಚಿಕೊಂಡಿತು. “ಅಯ್ಯೋ, ಬೇಡ ಬೇಡ. ಏನೂ ಹೇಳ್ಬೇಡ ಅವಳಿಗೆ. ನಾನು ಕಾಯ್ತೀನಿ” ಎಂದರು. ಅವಳಿಗೆ! ನೋಡದ ತಂಗಿಯ ಬಗ್ಗೆ ಅಷ್ಟರಲ್ಲೇ ಏಕವಚನ ಬಂದುಬಿಟ್ಟಿತ್ತು ಆ ಮನುಷ್ಯನಿಗೆ.

ಶನಿವಾರ ಸಂಜೆ ರೈಲು ಲೈಬ್ರರಿಯಿಂದ ಮನೆಗೆ ಬಂದಾಗ, ಮುಂದಿನ ಕೋಣೆಯಲ್ಲಿ ಮೆಷಿನ್ ಸದ್ದು ಇರಲಿಲ್ಲ. ಬಾಗಿಲಲ್ಲಿ ಚೆನ್ನಾಗಿ ಒರೆಸಿದ ಬೂಟುಗಳಿದ್ದವು. ಒಳಗೆ, ನಿಲುವುಗನ್ನಡಿಯ ಮುಂದೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಪ್ರೊಜೆಕ್ಟರ್ ಅಂಕಲ್ ನಿಂತಿದ್ದರು. ಅವರ ಹೊಸ ಪ್ಯಾಂಟಿನ ಅಂಚಿಗೆ ಗುಂಡುಪಿನ್ನು ಚುಚ್ಚುತ್ತ ಅಮ್ಮ ನೆಲದ ಮೇಲೆ ಮಂಡಿಯೂರಿದ್ದಳು. ಹೇಳಿದರೆ ತಂಗಿಯ ಹೃದಯ ತಡೆಯುವುದಿಲ್ಲ ಎಂದು ಗಿರಾಕಿಯಾಗಿ ಬಂದಿದ್ದರು ಆ ಮನುಷ್ಯ. ಅಮ್ಮ ಆಲ್ಟರ್ ಅಂಗಡಿ ಇಟ್ಟಿದ್ದಾಳೆ, ಬಸ್ ಸ್ಟಾಪಿನ ಹಿಂದಿನ ಬೀದಿ ಎಂದು ಹಿಂದೊಮ್ಮೆ ಇವಳೇ ಬಾಯಿ ಬಿಟ್ಟಿದ್ದಳು.

“ನೇರ ನಿಂತ್ಕೊಳಿ ಅಣ್ಣಾ, ಕೆಳಗೆ ನೋಡಿದ್ರೆ ಅಳತೆ ತಪ್ಪುತ್ತೆ” ಎಂದಳು ಅಮ್ಮ. ಬರುವ ಗಂಡಸು ಗಿರಾಕಿಗಳನ್ನೆಲ್ಲ ಅವಳು ಅಣ್ಣಾ ಎಂದೇ ಕರೆಯುವುದು, ಅದಕ್ಕೆ ವಿಶೇಷ ಏನೂ ಇಲ್ಲ. ಆದರೆ ಅಂಕಲ್ ಕನ್ನಡಿಯಲ್ಲಿ ಅಮ್ಮನ ನೆತ್ತಿಯನ್ನೇ ನೋಡುತ್ತಿದ್ದರು.

“ನೀವು ಆರೋಗ್ಯ ನೋಡ್ಕೊಳಿಮ್ಮಾ,” ಎಂದರು. “ಇಷ್ಟೊಂದು ಬಗ್ಗಿ ಕೆಲಸ ಮಾಡ್ಬಾರ್ದು.”

“ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ” ಎಂದು ಅಮ್ಮ ಪಿನ್ನು ಕಚ್ಚಿಕೊಂಡ ಬಾಯಿಯಲ್ಲೇ ನಕ್ಕಳು. “ಬಂದ್ಯೇನೇ? ನೋಡು, ಇವರು ನಿಮ್ಮ ಕಾಲೇಜಲ್ಲೇ ಕೆಲಸ ಮಾಡ್ತಾರಂತೆ. ಕಾಫಿ ಇಡು ಹೋಗು.”

ಅಂಕಲ್ ಅವಳ ಕಡೆ ತಿರುಗಿ, ಏನೂ ಹೇಳಿಲ್ಲ ಎನ್ನುವ ಹಾಗೆ ಮೆಲ್ಲಗೆ ತಲೆಯಾಡಿಸಿದರು. ತನ್ನ ಗುಟ್ಟನ್ನು ಅವರು ಕಾಯುತ್ತಿದ್ದಾರೆ ಎಂದು ತಿಳಿದಾಗ ಅವಳಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಕಾಫಿ ಇಡುವಾಗ ಅರ್ಧ ಸಕ್ಕರೆ ಒಲೆಯ ಮೇಲೆ ಚೆಲ್ಲಿತು. ಅಂಕಲ್ ಕಾಫಿ ಕುಡಿದರು, ಹಳೆಯ ಪ್ಯಾಂಟಿಗೆ ಬದಲಾಯಿಸಿಕೊಂಡರು, ಲೋಟವನ್ನು ತಾವೇ ಒಳಗೆ ತಂದಿಟ್ಟರು, ಹೊರಡುವಾಗ ಬಾಗಿಲಲ್ಲಿ ನಿಂತು ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ಎಲ್ಲಾದರೂ ಒಂದು ಪುಟ್ಟ ಶೂ ಕಾಣಿಸೀತೇ ಎಂದು ಹುಡುಕುತ್ತಿದ್ದಾರೆ ಎನ್ನುವುದು ರೈಲಿಗೆ ಮಾತ್ರ ಗೊತ್ತಿತ್ತು.

“ಸ್ಟಾಪ್ ತನಕ ಬಿಟ್ಟು ಬರ್ತೀನಮ್ಮಾ” ಎಂದು ಅವಳೂ ಚಪ್ಪಲಿ ಮೆಟ್ಟಿದಳು.

ದಾರಿಯುದ್ದಕ್ಕೂ ಅಂಕಲ್ ಒಬ್ಬರೇ ಮಾತಾಡಿದರು. ಅಷ್ಟು ಮಾತಾಡುವುದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ತಂಗಿಯ ಕಿವಿ ತಮ್ಮ ಕಿವಿಯ ಹಾಗೇ ಇದೆಯಂತೆ. ನಗುವಾಗ ತಲೆ ಒಂದು ಪಕ್ಕಕ್ಕೆ ವಾಲುತ್ತದಂತೆ, ತಮ್ಮ ಚಿಕ್ಕ ಮಗನದೂ ಹಾಗೇ. ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಬೆಂಚಿನ ಹಿಂಬದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಅಂಕಲ್.”

“ಮತ್ತೆ ಅಂಕಲ್ಲಾ? ಯಾರೂ ಇಲ್ವಲ್ಲಮ್ಮಾ.”

“ನಮ್ಮಮ್ಮನಿಗೆ ಅಣ್ಣ ಇಲ್ಲ. ಯಾವತ್ತೂ ಇರ್ಲಿಲ್ಲ. ಇಬ್ಬರು ಅಕ್ಕಂದಿರು, ಅಷ್ಟೇ. ರಟ್ಟಲ್ಲಿ ಬರೆದಿದ್ದೆಲ್ಲ ನಾನು ಕಟ್ಟಿದ್ದು.”

ಅಂಕಲ್ ನಕ್ಕರು. “ಅಮ್ಮನ ಹಾರ್ಟಿಗೆ ಹೆದರ್ಕೊಂಡು ಹೀಗಂತಿದ್ದೀಯಾ. ನಾನು ಬಾಯಿ ಬಿಡಲ್ಲ, ನಂಬು ನನ್ನ.”

“ಹಾರ್ಟಿಗೂ ಏನೂ ಆಗಿಲ್ಲ ಅಂಕಲ್. ಅದೂ ಸುಳ್ಳು. ನನ್ನ ಎಲ್ರೂ ರೈಲು ಅಂತ ಯಾಕೆ ಕರೀತಾರೆ ಅಂದ್ಕೊಂಡಿದ್ದೀರಾ?”

ಅವರ ಮುಖದ ನಗು ಹಾಗೇ ಉಳಿದಿತ್ತು, ಎಲ್ಲಿಗೆ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ. ಕೈ ತಾನಾಗಿ ಹುಬ್ಬಿಗೆ ಹೋಯಿತು.

“ಇದು?”

“ನಿಮ್ಮನ್ನ ನೋಡ್ಕೊಂಡು ಬರೆದೆ. ನೀವು ಸ್ಟೂಲ್ ಮೇಲೆ ನಿಂತಿದ್ರಿ.”

“ಬೆರಳು?”

“ಅದೂ.”

“ಗೇಟು ನನ್ನ ಮೈ ಮೇಲೆ ಇರ್ಲಿಲ್ವಲ್ಲ. ಅದನ್ನ ಎಲ್ಲಿ ನೋಡಿದೆ?”

“ಎಲ್ಲೂ ಇಲ್ಲ ಅಂಕಲ್. ಸುಮ್ನೆ ಬರೆದೆ. ನೀಲಿ ಅಂದ್ರೆ ಚೆನ್ನಾಗಿರುತ್ತೆ ಅನ್ನಿಸ್ತು.”

“ನನಗೆ ಅದು ನೆನಪಿದೆಯಲ್ಲಾ,” ಎಂದರು ಅಂಕಲ್. ಬೈಯಲಿಲ್ಲ. ಬೈದಿದ್ದರೆ, ಕೆನ್ನೆಗೆ ಒಂದು ಬಾರಿಸಿದ್ದರೆ, ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ತಪ್ಪಾಯಿತು ಎಂದಳು, ಸೋಮವಾರವೇ ಮೇಡಂಗೆ ಹೇಳುತ್ತೇನೆ ಎಂದಳು, ಪೇಪರ್ ಹೋದರೆ ಹೋಗಲಿ ಎಂದಳು, ಅಳುತ್ತಲೇ ಹೇಳಿದಳು. ಅದು ಯಾವುದೂ ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಬೆಂಚಿನ ಮೇಲೆ ಕುಳಿತು ತಮ್ಮ ಬೂಟುಗಳನ್ನು ನೋಡುತ್ತಿದ್ದರು.

“ಮನೇಲಿ ಹೆಂಡ್ತಿ ಕಾಯ್ತಿದ್ದಾಳೆ,” ಎಂದರು ಕೊನೆಗೆ. “ಈ ಶರ್ಟಿಗೆ ಅವಳೇ ಇಸ್ತ್ರಿ ಹಾಕಿದ್ದು. ನಾದಿನಿ ಹೇಗಿದ್ದಾಳೆ, ಯಾರ ಹಾಗಿದ್ದಾಳೆ, ಎಲ್ಲ ಬಂದು ಹೇಳ್ಬೇಕು ಅಂದಿದ್ದಾಳೆ. ಹುಡುಗರಿಬ್ಬರನ್ನೂ ಹೊರಗೆ ಹೋಗದ ಹಾಗೆ ಕೂರಿಸ್ಕೊಂಡಿದ್ದಾಳೆ.” ಹುಡುಗಿಯ ಕಡೆ ತಿರುಗಿದರು. ಕೊಂಕು ಇರಲಿಲ್ಲ, ಚುಚ್ಚುವ ಮಾತೂ ಅಲ್ಲ, ನಿಜವಾಗಿಯೇ ಕೇಳುತ್ತಿದ್ದರು. “ನೀನು ಚೆನ್ನಾಗಿ ಕಟ್ತೀಯಲ್ಲಮ್ಮಾ. ನನಗೆ ಅದೆಲ್ಲ ಬರಲ್ಲ. ಒಂದು ಕಟ್ಟಿಕೊಡು. ಅವಳಿಗೆ ಏನಂತ ಹೇಳ್ಲಿ?”

ರೈಲು ಬಾಯಿ ತೆರೆದಳು. ಹಲ್ಲುಸೆಟ್ಟಿನ ಮುದುಕರನ್ನು, ನೀಲಿ ಗೇಟನ್ನು, ಹೃದಯದ ಕಾಯಿಲೆಯನ್ನು ಕೇಳದೆಯೇ ತಂದುಕೊಟ್ಟಿದ್ದ ನಾಲಗೆ ಅಂಗುಳಿಗೆ ಅಂಟಿಕೊಂಡಿತ್ತು. ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ಡ್ರೈವರು ಇವರಿಬ್ಬರನ್ನೂ ನೋಡಿ ಒಮ್ಮೆ ಹಾರ್ನ್ ಮಾಡಿದ. ಅಂಕಲ್ ಏಳಲಿಲ್ಲ. ಅವಳ ಮುಖವನ್ನೇ ನೋಡುತ್ತ, ಅವಳು ಏನಾದರೂ ಹೇಳಲಿ ಎಂದು ಕಾಯುತ್ತ ಕುಳಿತೇ ಇದ್ದರು.